ಊದುಗೊಳವಿ ಹಿಡಿದ ಪತ್ತೇದಾರಿಣಿ

“ಶಾಂತಮೂರ್ತಿ” ಎಂದರು. ಒಬ್ಬರು ಅಂದಿದ್ದರೆ ಬಾಯಿತಪ್ಪಿ ಬಂದಿರಬೇಕು ಎಂದು ಬಿಟ್ಟುಬಿಡುತ್ತಿದ್ದೆ. ಒಬ್ಬರ ಹಿಂದೆ ಒಬ್ಬರು ಮೈಕಿನ ಮುಂದೆ ಬಂದು ಅದನ್ನೇ ಹೇಳಿದರು. ಶಾಂತಮೂರ್ತಿ, ಸಹನಾಮೂರ್ತಿ, ಎದುರು ಮಾತಾಡದವರು, ಸಂಸ್ಥೆಯ ಶಿಸ್ತಿಗೆ ತಲೆಬಾಗಿದವರು. ಹೋದ ತಿಂಗಳು ಬೆಳಗಾವಿಯಲ್ಲಿ ನಮ್ಮ ಹಳೆಯ ಶಾಲೆಯ ಸಭಾಭವನದಲ್ಲಿ ಅಕ್ಕೋರಿಗೆ ಶ್ರದ್ಧಾಂಜಲಿ ಸಭೆ. ಮೇಜಿನ ಮೇಲೆ ಅವರ ಫೋಟೋ, ಅದಕ್ಕೊಂದು ಸೇವಂತಿಗೆ ಮಾಲೆ. ಹಿಂದಿನ ಸಾಲುಗಳಲ್ಲಿ ಖಾನಾಪುರದಿಂದ ಬಸ್ಸು ಹಿಡಿದು ಬಂದ ಹೆಂಗಸರು, ಎಲ್ಲ ಅವರ ಹಳೆಯ ವಿದ್ಯಾರ್ಥಿನಿಯರು. ನಾನು ಎರಡನೆಯ ಸಾಲಿನಲ್ಲಿ ಕುಳಿತು ಕುದಿಯುತ್ತಿದ್ದೆ.

ನನಗೆ ಸಿಟ್ಟು ಬೇಗ ಬರುತ್ತದೆ. ಮನೆಯವರು ಅದನ್ನು ರಕ್ತದೊತ್ತಡ ಎನ್ನುತ್ತಾರೆ, ಅನ್ನಲಿ. ಆದರೆ ಸತ್ತವರು ಎದ್ದುಬಂದು ಉತ್ತರ ಕೊಡುವುದಿಲ್ಲ ಎಂಬ ಧೈರ್ಯದಲ್ಲಿ ಅವರ ಇಡೀ ಬಾಳನ್ನು ತೊಳೆದು, ಇಸ್ತ್ರಿ ಮಾಡಿ, ಮಡಚಿಡುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ಅಷ್ಟು ಮಂದಿ ಮಾತಾಡಿದರು, ಒಬ್ಬರೂ ಆ ಸಿನಿಮಾದ ಹೆಸರೆತ್ತಲಿಲ್ಲ. ಆ ಸಿನಿಮಾ ಬಿಟ್ಟು ಅಕ್ಕೋರ ಬಗ್ಗೆ ಮಾತಾಡುವುದೆಂದರೆ ಒಲೆ ಬಿಟ್ಟು ಅಡಿಗೆ ಮಾತಾಡಿದ ಹಾಗೆ. ಅದಕ್ಕೇ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನಂತೂ ಕಂಡಿಲ್ಲ. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ಅಕ್ಕೋರು ಎನ್ನುವುದೇ ರೂಢಿ. ಇವರು ಗಣಿತದ ಅಕ್ಕೋರು. ನಾನು ಕನ್ನಡದಾಕೆ, ವಯಸ್ಸಿನಲ್ಲಿ ಅವರಿಗಿಂತ ಬಹಳ ಚಿಕ್ಕವಳು. ಎಪ್ಪತ್ತರ ದಶಕದ ನಡುವೆ ಆ ಹೆಣ್ಣುಮಕ್ಕಳ ಹೈಸ್ಕೂಲಿಗೆ ಸೇರಿದ ಮೊದಲ ದಿನ ಶಿಕ್ಷಕರ ಕೋಣೆಯಲ್ಲಿ ಗೊತ್ತಿಲ್ಲದೆ ಅವರ ಕುರ್ಚಿಯಲ್ಲಿ ಕುಳಿತುಬಿಟ್ಟಿದ್ದೆ. ಅವರು ಬಾಗಿಲಲ್ಲಿ ಕಂಡೊಡನೆ ಯಾರೋ ನನಗೆ ಏಳು ಏಳು ಎಂದು ಸನ್ನೆ ಮಾಡಿದರು. ನಾನು ಗಡಬಡಿಸಿ ಎದ್ದೆ.

“ಕುಂದ್ರು, ಏಳಬ್ಯಾಡ,” ಎಂದರು. “ಖುರ್ಚಿ ಸಂಸ್ಥೆದು. ಸಿಟ್ಟಷ್ಟ ನಂದು. ಅದರ ಮ್ಯಾಲ ಮಾತ್ರ ಕುಂದರಬ್ಯಾಡ.”

ಉದ್ದನೆಯ ತೆಳ್ಳನೆಯ ಹೆಂಗಸು. ಹಣೆಗೆ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಇಳಕಲ್ಲ ಸೀರೆಯ ಸೆರಗು, ಕಂಕುಳಲ್ಲಿ ಕೊಡೆ, ಕಿವಿಯ ಮೇಲೆ ಕೆಂಪು ಪೆನ್ನು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಊರೊಳಗಿನ ನೇಕಾರರ ಕೇರಿ ವಡಗಾವಿಯ ಒಂದು ಸಂದಿಯಲ್ಲಿ ಮುದುಕಿ ಅತ್ತೆಯೊಂದಿಗೆ ಇದ್ದರು. ಎಡಬಲಕ್ಕೆ ಮಗ್ಗದ ಮನೆಗಳು, ದಿನವಿಡೀ ಖಟಪಟ. ಆ ಸದ್ದಿನಲ್ಲಿ ಬಾಳಿದ್ದರಿಂದಲೋ ಏನೋ, ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಪರೀಕ್ಷೆಯ ಮುನ್ನಾದಿನ ಬೇರೆ ಮಾಸ್ತರರು ಹುಡುಗಿಯರಿಗೆ ಹೆದರಬೇಡಿ ಎನ್ನುತ್ತಿದ್ದರು. ಇವರು, “ಹೆದರ್ರಿ, ಯಾರ್ ಬ್ಯಾಡ ಅಂದಾರ? ಹೆದರಿಕೋತನ ಉತ್ತರ ಬರೀರಿ,” ಎನ್ನುತ್ತಿದ್ದರು.

ಅವರಿಗಿದ್ದ ಒಂದೇ ಚಟ ಪತ್ತೇದಾರಿ ಕಾದಂಬರಿ. ಆಗ ಪೇಟೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಿದ್ದವು. ಶನಿವಾರ ಒಂದು ತರುವುದು, ಸೋಮವಾರ ಹಿಂದಿರುಗಿಸುವುದು. ಚಟ ಎಂದರೆ ಪ್ರೀತಿ ಎಂದು ತಿಳಿಯಬೇಡಿ, ಅವರು ಆ ಪುಸ್ತಕಗಳ ಮೇಲೆ ಹಲ್ಲು ಕಡಿಯುತ್ತಿದ್ದರು. ಓದುವಾಗ ಕಿವಿಯ ಮೇಲಿನ ಕೆಂಪು ಪೆನ್ನು ತಾನಾಗಿ ಕೈಗೆ ಬರುತ್ತಿತ್ತು. ಅಂಚಿನಲ್ಲಿ “ಆಧಾರವಿಲ್ಲ”, “ಬಾಗಿಲಿಗೆ ಒಳಗಿನಿಂದ ಅಗಳಿ ಇತ್ತಲ್ಲ, ಮರೆತಿರಾ?”, “ಇವನು ಹಿಂದಿನ ಅಧ್ಯಾಯದಲ್ಲೇ ಸತ್ತಿದ್ದಾನೆ” ಎಂದೆಲ್ಲ ಬರೆಯುತ್ತಿದ್ದರು. ಕೊನೆಯ ಪುಟದಲ್ಲಿ ಅಂಕ ಕೊಡುತ್ತಿದ್ದರು. ನಾನು ಕಂಡ ಒಂದು ಪುಸ್ತಕಕ್ಕೆ ಹತ್ತಕ್ಕೆ ಎರಡು ಸಿಕ್ಕಿತ್ತು, ಕೆಳಗೆ “ಎರಡೂ ಮುಖಪುಟಕ್ಕೆ” ಎಂಬ ಷರಾ.

“ಪ್ರಮೇಯ ಬಿಡಿಸೂವಾಗ ಕೊನೀ ಸಾಲಿನಾಗ ಎಲ್ಲಿಂದೋ ಒಂದು ಹೊಸಾ ತ್ರಿಕೋನ ತಂದ್ರ ಹುಡುಗೀಗೆ ನಾ ಏನ್ ಮಾಡತೀನಿ?” ಎಂದು ಒಮ್ಮೆ ಊಟದ ಬಿಡುವಿನಲ್ಲಿ ನನ್ನ ಮೇಲೆ ಹರಿಹಾಯ್ದರು, ಆ ಕಾದಂಬರಿ ನಾನೇ ಬರೆದಿದ್ದೆ ಎಂಬಂತೆ. “ಈ ಪತ್ತೇದಾರ ಕೊನೀ ಪುಟದಾಗ ಕಿಸೇದಿಂದ ಸಾಕ್ಷಿ ತಗೀತಾನ. ಅದು ಅವನ ಕಿಸೇದಾಗ ಐತಂತ ನಮಗ ಮೊದಲ ಯಾಕ ಹೇಳಲಿಲ್ಲ? ಇದು ಜಾಣತನ ಅಲ್ಲ, ಮೋಸ.”

ಪುಸ್ತಕ ಹಾಳು ಮಾಡುತ್ತಾರೆಂದು ಅಂಗಡಿಯವನು ಮೊದಲು ಅತ್ತ. ಆಮೇಲೆ ಗಿರಾಕಿಗಳು ಬಂದು “ಕೆಂಪು ಶಾಯಿದು ಐತೇನ್ರಿ?” ಎಂದು ಕೇಳತೊಡಗಿದ ಮೇಲೆ ಬಾಯಿ ಮುಚ್ಚಿದ. ಹಾಗೆ ಕೇಳಿಕೊಂಡು ಬರುವವರಲ್ಲಿ ಒಬ್ಬರು ಫೋಟೋ ಸಾಹೇಬರು. ಪೇಟೆಯಲ್ಲಿ ಅವರದೊಂದು ಸ್ಟುಡಿಯೋ. ವರ್ಷಕ್ಕೊಮ್ಮೆ ನಮ್ಮ ಶಾಲೆಯ ಗ್ರೂಪ್ ಫೋಟೋ ತೆಗೆಯಲು ಬರುವ, ನಗಿಸದೆ ಕ್ಲಿಕ್ ಮಾಡದ ಮನುಷ್ಯ. ಗೋವಾದಲ್ಲಿ ಯಾರಿಂದಲೋ ಒಂದು ಹಳೆಯ ಸಿನಿಮಾ ಕ್ಯಾಮೆರಾ ತಂದಿಟ್ಟುಕೊಂಡು, ಅದಕ್ಕೇನು ಮೇವು ಹಾಕುವುದೆಂದು ತಿಳಿಯದೆ ಒದ್ದಾಡುತ್ತಿದ್ದರು. ಒಂದು ದಿನ ಕೆಂಪು ಶಾಯಿಯ ಎರಡು ಪುಸ್ತಕ ಹಿಡಿದುಕೊಂಡು ನಮ್ಮ ಕೋಣೆಗೇ ಬಂದರು.

“ಅಕ್ಕೋರ, ಬರದವ್ರು ನಮ್ಮನ್ನ ಹೈರಾಣ ಮಾಡ್ಯಾರ. ನೀವು ಮಜಾ ತಂದೀರಿ,” ಎಂದರು. “ಈ ಕೆಂಪು ಶಾಯಿದ ಒಂದ ಪಿಚ್ಚರ್ ತಗೀತೀನ್ರಿ. ಪತ್ತೇದಾರ ನೀವ ಆಗಬೇಕು.”

ಅಕ್ಕೋರು ಪೆನ್ನಿನ ಟೋಪಿ ಹಾಕಿ ಕೇಳಿದ್ದು ಒಂದೇ ಮಾತು. “ಕೊನೀಗೆ ಕೊಲಿ ಮಾಡಿದಾವ ಯಾರು?”

“ಯಾರೂ ಇಲ್ರಿ. ಕೊಲಿನ ಆಗಿರೂದಿಲ್ಲ.”

“ಹಂಗಾರ ಬರತೀನಿ,” ಎಂದರು.

ಒಂದು ಮಳೆಗಾಲವಿಡೀ ಭಾನುವಾರಕ್ಕೊಮ್ಮೆ ಖಾನಾಪುರದಲ್ಲಿ ಶೂಟಿಂಗ್. ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಹೊರಡುವುದು, ಸಂಜೆಗೆ ವಾಪಸ್. ಕ್ಯಾಮೆರಾ ನೆನೆಯದಂತೆ ಕೊಡೆ ಹಿಡಿಯುವ ಕೆಲಸ ನನ್ನದು, ರೊಟ್ಟಿಯ ಗಂಟು ಕಾಯುವುದೂ ನನ್ನದೇ. ಕಥೆ ಇಷ್ಟು. ಖಾನಾಪುರದ ಹಂಚಿನ ಕಾರಖಾನೆಯ ಮಾಲೀಕ ಕಾಣೆಯಾಗಿದ್ದಾನೆ. ಕೊಲೆಯೇ ಆಗಿದೆ ಎಂದು ಎಲ್ಲರೂ ತೀರ್ಮಾನಿಸಿ ಬೆಳಗಾವಿಯಿಂದ ಪತ್ತೇದಾರಿಣಿಯನ್ನು ಕರೆಸುತ್ತಾರೆ. ಪುಸ್ತಕದ ಪತ್ತೇದಾರನಿಗೆ ಉದ್ದನೆಯ ಕೋಟು, ಹ್ಯಾಟು. ಇವರಿಗೆ ಕಂಬಳಿಕೊಪ್ಪೆ, ನಮ್ಮ ಕಡೆ ಮಳೆಯಲ್ಲಿ ಎಲ್ಲರೂ ಹೊದೆಯುವಂಥದ್ದು. ಅವನ ಬಾಯಲ್ಲಿ ಪೈಪು. ಇವರ ಕೈಯಲ್ಲಿ ಊದುಗೊಳವಿ, ಮನೆಯಲ್ಲಿ ಅತ್ತೆ ಒಲೆ ಊದುವ ಕಬ್ಬಿಣದ ಕೊಳವೆ. ಅದನ್ನು ಚೀಲಕ್ಕೆ ಹಾಕಿಕೊಂಡು ಹೊರಟಾಗ ಆ ಮುದುಕಿ, “ನನ್ನ ಕೊಳವಿ ಸಿನಿಮಾಕ್ಕ ಹೋತು, ನಾ ಒಲಿ ಮುಂದ ಉಳದ್ನಿ,” ಎಂದು ಬಾಗಿಲವರೆಗೆ ಬಂದು ನಕ್ಕಿದ್ದರು.

ಪತ್ತೇದಾರಿಣಿ ಯೋಚನೆ ಮಾಡಬೇಕಾದಾಗಲೆಲ್ಲ ಯಾರದಾದರೂ ಅಡಿಗೆಮನೆಗೆ ನುಗ್ಗಿ ಹಸಿ ಕಟ್ಟಿಗೆಯ ಒಲೆ ಊದುತ್ತಾಳೆ. ಕೋಣೆ ತುಂಬ ಹೊಗೆ. ಎದುರಿಗೆ ಕುಳಿತವನು ಕೆಮ್ಮಿ ಕೆಮ್ಮಿ ತಪ್ಪೊಪ್ಪಿಕೊಳ್ಳುತ್ತಾನೆ, ಆದರೆ ಕೊಲೆಯನ್ನಲ್ಲ. ಒಬ್ಬ ಹಾಲಿಗೆ ನೀರು ಹಾಕಿದ್ದನ್ನು, ಇನ್ನೊಬ್ಬ ಮಗ್ಗುಲ ಮನೆಯ ಕೋಳಿ ತಿಂದದ್ದನ್ನು. ಆಕೆ ಕನ್ನಡದಲ್ಲಿ ಕೇಳುತ್ತಾಳೆ, ಅವರು ಮರಾಠಿಯಲ್ಲಿ ಹೇಳುತ್ತಾರೆ, ಖಾನಾಪುರದ ಬಜಾರದಲ್ಲಿ ದಿನಾ ನಡೆಯುವ ಹಾಗೆಯೇ, ಯಾರಿಗೂ ಅದು ವಿಶೇಷ ಅನ್ನಿಸುವುದಿಲ್ಲ. “ತಪ್ಪು ಉತ್ತರ, ಏಳು,” ಎಂದು ಆಕೆ ಎಬ್ಬಿಸಿ ಕಳಿಸುತ್ತಾಳೆ. ಎಲ್ಲೇ ಹೋಗಲಿ, ಮೊದಲು ಬಾಗಿಲಲ್ಲಿ ನಿಂತು ಊದುಗೊಳವಿ ಎತ್ತಿ ಗುಡುಗುತ್ತಾಳೆ: “ಯಾರೂ ಅಲುಗಾಡಬ್ಯಾಡ್ರಿ.” ಎಲ್ಲರೂ ನಡುಗಿದ ಮೇಲೆ ಸಣ್ಣ ದನಿಯಲ್ಲಿ, “ಚಾ ಬರಾಕತ್ತೈತಿ.”

ಕಟ್ಟಿಗೆ ನಿಜವಾಗಿಯೂ ಹಸಿ, ಒಲೆಯೂ ಯಾರದೋ ನಿಜವಾದ ಮನೆಯ ಒಲೆ. ಸಾಹೇಬರು “ಬಸ್ಸರಿ, ಆತು” ಎಂದರೂ ಅಕ್ಕೋರು ಊದುವುದನ್ನು ಬಿಡುತ್ತಿರಲಿಲ್ಲ. “ಆ ಮನಿಯಾಕಿ ಅಡಗಿ ಮಾಡೂದು ಬ್ಯಾಡೇನು? ಮೊದಲ ಒಲಿ ಹತ್ತಲಿ, ಆಮ್ಯಾಲ ಕೊಲಿ ನೋಡೂಣು.” ಅಷ್ಟರಲ್ಲಿ ರೀಲು ಸುಮ್ಮನೆ ಓಡಿ ಖರ್ಚಾಗುತ್ತಿತ್ತು. ಸಾಹೇಬರು ಆಕಾಶದ ಕಡೆ ನೋಡುತ್ತಿದ್ದರು.

ಕೊನೆಗೆ ಊರಿಗೆ ಊರೇ ಹೆಣ ಹುಡುಕುತ್ತ ಕಣಕುಂಬಿಯ ಕಾಡು ಹೊಗುತ್ತದೆ. ರಕ್ತ ಹೀರುವ ಇಂಬಳಗಳು ಕಾಲಿಗೆ ಹತ್ತಿ ಎಲ್ಲರೂ ಕುಣಿದದ್ದು ಅಭಿನಯವಲ್ಲ. ಹುಡುಕಿ ದಣಿದು ಎಲ್ಲರೂ ಕುಳಿತಾಗ ಪತ್ತೇದಾರಿಣಿ ತಲೆ ಎಣಿಸುತ್ತಾಳೆ, ಒಬ್ಬ ಹೆಚ್ಚಾಗಿದ್ದಾನೆ. ಹೆಚ್ಚಾದವನೇ ಕಾಣೆಯಾದ ಮಾಲೀಕ. ಸಾಲ ಕೇಳುವ ನೆಂಟನಿಂದ ತಪ್ಪಿಸಿಕೊಂಡು ಕಣಕುಂಬಿಯಲ್ಲಿ ಅಡಗಿದ್ದವನು. “ಎಲ್ಲಾರೂ ಏನೋ ಹುಡುಕಾಕತ್ತಿದ್ರಿ. ಪಾಪ, ನಾನೂ ಕೂಡಿ ಹುಡುಕಿದ್ನಿ,” ಎನ್ನುತ್ತಾನೆ. ಆ ಪಾತ್ರ ಸಾಹೇಬರೇ ಮಾಡಿದರು. ಇಡೀ ಚಿತ್ರದಲ್ಲಿ ಕಾಣಿಸಬಾರದವನಿಗೆ ಕ್ಯಾಮೆರಾದ ಹಿಂದಿಗಿಂತ ಒಳ್ಳೆಯ ಜಾಗ ಇಲ್ಲವೆಂದು ಅವರ ವಾದ. ಪತ್ತೇದಾರಿಣಿ ಮಾತ್ರ ಸೋಲೊಪ್ಪುವುದಿಲ್ಲ. “ನೀ ಸತ್ತೀ ಅಂತ ನಾ ಸಿದ್ಧ ಮಾಡೀನಿ. ಇನ್ನ ನೀ ಎದ್ದು ಬಂದ್ರ ಅದು ನಿನ್ನ ತಪ್ಪು,” ಎಂದು ಕಂಬಳಿ ಕೊಡವಿಕೊಂಡು ನಡೆದುಬಿಡುತ್ತಾಳೆ. ಅಲ್ಲಿಗೆ ಮುಗಿಯಿತು.

ಬೆಳಗಾವಿಯ ಒಂದು ಟಾಕೀಜಿನಲ್ಲಿ ಭಾನುವಾರ ಬೆಳಗಿನ ಆಟಕ್ಕೆ ಹಾಕಿದರು. ಮೊದಲ ವಾರ ಬಂದ ಹುಡುಗರು ಫೈಟಿಂಗ್ ಎಲ್ಲಿ, ಹಾಡೆಲ್ಲಿ ಎಂದು ಕೂಗಿ ಅರ್ಧಕ್ಕೇ ಎದ್ದುಹೋದರು. ಎರಡನೆಯ ವಾರದಿಂದ ಹೆಂಗಸರು ಬಂದರು. ವಡಗಾವಿಯ ಸಂದಿಸಂದಿಯಿಂದ ಬಂದರು, ಒಲೆಯ ಹೊಗೆ ಕಂಡಾಗಲೆಲ್ಲ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಅವರ ನಡುವೆ ಕುಳಿತು ನೋಡಿದ್ದೇನೆ, ಅಂಥ ನಗು ಆಮೇಲೆ ಯಾವ ಟಾಕೀಜಿನಲ್ಲೂ ಕೇಳಿಲ್ಲ.

ಎಡವಟ್ಟಾದದ್ದು ಸಾಹೇಬರ ಸ್ಟುಡಿಯೋದ ಗಾಜಿನ ಕಪಾಟಿನಿಂದ. ಪ್ರಚಾರಕ್ಕೆಂದು ಅವರು ಸಿನಿಮಾದ ಒಂದು ಫೋಟೋ ದೊಡ್ಡದು ಮಾಡಿ ಅಲ್ಲಿ ತೂಗುಹಾಕಿದ್ದರು. ಮುಖ ದೊಡ್ಡದಾಗಲಿ ಎಂದು ಕೆಳಗಿನ ಒಲೆಯನ್ನು ಕತ್ತರಿಸಿ ತೆಗೆದಿದ್ದರು. ಉಳಿದದ್ದು ಅಕ್ಕೋರ ಮುಖ, ತುಟಿಗೆ ಹಚ್ಚಿದ ಕೊಳವೆ, ಸುತ್ತಮುತ್ತ ಹೊಗೆ. ದಾರಿಯಲ್ಲಿ ಹೋಗುವ ಹೆಂಗಸರು ಅದನ್ನು ನೋಡಿ, ಅಯ್ಯ, ಊದುಗೊಳವಿ ಎಂದು ನಗುತ್ತ ಹೋದರು. ಗಂಡಸರು ನೋಡಿ, ಅಕ್ಕೋರು ಸೇದುತ್ತಿದ್ದಾರೆ ಎಂದರು. ಜನ್ಮದಲ್ಲಿ ಒಲೆಯ ಮುಂದೆ ಕುಳಿತಿದ್ದರೆ ತಾನೆ ಗೊತ್ತಾಗುವುದು? ಅವರಿಗೆ ಗೊತ್ತಿದ್ದ ಕೊಳವೆ ಒಂದೇ, ಸೇದುವುದು.

ಅದೇ ಹೊತ್ತಿಗೆ ನಮ್ಮ ಮುಖ್ಯೋಪಾಧ್ಯಾಯರು ನಿವೃತ್ತರಾಗುವವರಿದ್ದರು. ಹಿರಿತನದಲ್ಲಿ ಮುಂದಿನವರು ಅಕ್ಕೋರೇ. ಆಡಳಿತ ಮಂಡಳಿಯವರು ಅವರನ್ನು ಕರೆಸಿದರು. ಶಿಕ್ಷಕರ ಪರವಾಗಿ ಒಬ್ಬರು ಇರಲಿ ಎಂದು ನನ್ನನ್ನೂ ಕೂರಿಸಿದರು. ಅಧ್ಯಕ್ಷರು ಖಾನಾಪುರದ ಕಡೆಯ ದೊಡ್ಡ ವ್ಯಾಪಾರಸ್ಥರು, ಕೆಟ್ಟವರಲ್ಲ. ಚಹಾ ತರಿಸಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದರು.

“ಅಕ್ಕೋರ, ನಿಮ್ಮ ಬಗ್ಗೆ ನಮಗ ಭಾಳ ಗೌರವ ಐತ್ರಿ. ಆದ್ರ ಮಂದಿ ಮಾತಾಡಾಕತ್ತಾರ. ಸಿನಿಮಾದಾಗ ನೀವು ಚಿಲುಮಿ ಸೇದೀರಂತ.”

ಬಾಜುವಿನ ಸದಸ್ಯರೊಬ್ಬರು ತಿದ್ದಿದರು. “ಚಿಲುಮಿ ಅಲ್ರಿ, ಪೈಪು. ಇಂಗ್ಲಿಷ್ ಪಿಚ್ಚರದಾಗ ಸಾಹೇಬ್ರು ಸೇದತಾರಲ್ಲ, ಅದು.”

“ಅಷ್ಟ ಉದ್ದ ಐತಂದ್ರ ಹುಕ್ಕಾನ ಇರಬೇಕು,” ಎಂದರು ಇನ್ನೊಬ್ಬರು.

“ಮೊದಲ ನೀವು ನೀವು ಒಂದ ಉತ್ತರಕ್ಕ ಬರ್ರಿ,” ಎಂದರು ಅಕ್ಕೋರು. “ಪಿಚ್ಚರ್ ಯಾರ್ ನೋಡೀರಿ?”

ಯಾರೂ ನೋಡಿರಲಿಲ್ಲ. ಅಧ್ಯಕ್ಷರಿಗೆ ಮುಜುಗರವಾಗಿತ್ತು. “ನೋಡೂದ್ ಯಾಕ್ರಿ, ಫೋಟೋ ಪ್ಯಾಟ್ಯಾಗ ತೂಗಬಿದ್ದೈತಿ. ನೀವು ಹಿಂಗ ಮಾಡ್ರಿ. ತಪ್ಪಾತು ಅಂತ ಒಂದ ಮಾತು ಬರಕೊಡ್ರಿ. ಮುಂದ ಖಾನಾಪುರದಾಗ ಅದನ್ನ ತೋರಸೂದೈತಂತ, ಬ್ಯಾಡ ಅಂತ ಆ ಫೋಟೋದವರಿಗೆ ಹೇಳ್ರಿ. ಮುಂದಿನ ತಿಂಗಳಿಂದ ಹೆಡ್‌ಮಿಸ್ಟ್ರೆಸ್ ನೀವ.”

ನನಗೆ ತಡೆಯಲಾಗಲಿಲ್ಲ. “ಅದು ಚಿಲುಮಿನೂ ಅಲ್ಲ, ಹುಕ್ಕಾನೂ ಅಲ್ರಿ, ಅದು...” ಎಂದು ಬಾಯಿ ತೆರೆದೆ. ಮೇಜಿನ ಕೆಳಗೆ ಅಕ್ಕೋರು ನನ್ನ ಕಾಲನ್ನು ಎಷ್ಟು ಜೋರಾಗಿ ತುಳಿದರೆಂದರೆ ಮಾತು ಅಲ್ಲೇ ನಿಂತಿತು.

“ನೀ ಸುಮ್ನಿರು,” ಎಂದರು. ಆಮೇಲೆ ಅವರ ಕಡೆ ತಿರುಗಿದರು. “ನಾ ಏನ್ ಹಿಡಿದಿದ್ದೆ ಅಂತ ತಿಳೀಬೇಕಂದ್ರ ಟಿಕೀಟು ತಗೊಂಡು ನೋಡ್ರಿ. ತಪ್ಪಾತು ಅಂತ ನಾ ಬರಕೊಡೂದಿಲ್ಲ. ಖಾನಾಪುರದಾಗ ಪಿಚ್ಚರ್ ನಡೀತೈತಿ, ನಾ ಮುಂದಿನ ಸಾಲಿನಾಗ ಕುಂತಿರತೀನಿ. ಚಾ ಆರಾಕತ್ತೈತಿ, ಕುಡೀರಿ.”

ಹೊರಗೆ ಬಂದು ವರಾಂಡದಲ್ಲಿ ನಾನು ಜಗಳ ತೆಗೆದೆ. ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು, ಮನೆಗೆ ಹೋಗಿ ಕೊಳವೆ ತಂದು ಮೇಜಿನ ಮೇಲೆ ಕುಕ್ಕುತ್ತೇನೆ ಎಂದೆ. ಅವರು ಕೊಡೆ ಬಿಚ್ಚುತ್ತ ಕೇಳಿದರು. “ಪಾಯಖಾನಿ ಹಿಂದ ನಿಂತು ದಿನಾ ಬೀಡಿ ಸೇದೂ ನಮ್ಮ ಮಾಸ್ತರನ್ನ ಯಾವತ್ತರ ಆ ಖೋಲ್ಯಾಗ ಕರದಾರೇನು?” ನಾನು ತಲೆ ಅಲ್ಲಾಡಿಸಿದೆ. “ಇಲ್ಲಲ? ಹಂಗಾರ ಕೊಳವಿ ಮನ್ಯಾಗ ಇರ್ಲಿ.”

ಸಾಹೇಬರೂ ಓಡಿಬಂದರು. ಒಲೆ ಕತ್ತರಿಸಿದ್ದು ನನ್ನ ತಪ್ಪು, ಒಲೆ ಸಮೇತ ಪೂರ್ತಿ ಫೋಟೋ ಹಾಕುತ್ತೇನೆ, ನಾಳೆಯೇ ಎಲ್ಲರ ಕಣ್ಣು ತೆರೆಯುತ್ತದೆ ಎಂದು ಕಾಲು ಹಿಡಿಯುವುದೊಂದು ಬಾಕಿ. ಅಕ್ಕೋರು ಅದಕ್ಕೂ ಒಪ್ಪಲಿಲ್ಲ. “ಫೋಟೋ ಹೆಂಗೈತಿ ಹಂಗ ಇರ್ಲಿ, ಸಾಹೇಬ್ರ. ಮುಟ್ಟಿದ್ರ ನೋಡ್ರಿ ಮತ್ತ.”

ಖಾನಾಪುರದಲ್ಲಿ ಆಟ ನಡೆಯಿತು. ಅಕ್ಕೋರು ಮುಂದಿನ ಸಾಲಿನಲ್ಲಿ ಕುಳಿತರು. ಮರುವಾರ ಆದೇಶ ಬಂತು. ಅವರಿಗಿಂತ ಕಿರಿಯರೊಬ್ಬರು ಮುಖ್ಯೋಪಾಧ್ಯಾಯರಾದರು, ಅಕ್ಕೋರನ್ನು ಸಂಸ್ಥೆಯ ಖಾನಾಪುರದ ಶಾಖೆಗೆ ಹಾಕಿದರು. ಅದನ್ನು ವರ್ಗಾವಣೆ ಎಂದು ಕರೆದರು. ಶಿಕ್ಷೆ ಎನ್ನುವ ಶಬ್ದ ಮಂಡಳಿಯವರ ಬಾಯಿಗೆ ಬರಲಿಲ್ಲ, ನಾನು ಇಲ್ಲಿ ಬರೆಯುತ್ತಿದ್ದೇನೆ.

ಮುಂದೆ ಹತ್ತು ವರ್ಷಕ್ಕೂ ಮಿಕ್ಕಿ ಅವರು ದಿನಾ ಬೆಳಿಗ್ಗೆ ವಡಗಾವಿಯಿಂದ ಹೊರಟು, ಗಾಡಿ ಸಿಕ್ಕರೆ ಗಾಡಿ, ಇಲ್ಲದಿದ್ದರೆ ಪೀರನವಾಡಿಯ ಮೇಲೆ ಹೋಗುವ ಬಸ್ಸು ಹಿಡಿದು ಖಾನಾಪುರಕ್ಕೆ ಹೋಗಿಬಂದರು. ಮನೆ ಅಲ್ಲಿಗೇ ಮಾಡಿರಿ ಎಂದರೆ, “ಯಾಕ? ನಾ ಗಡೀಪಾರ್ ಆಗೀನೇನು?” ಎನ್ನುತ್ತಿದ್ದರು. ಅಲ್ಲಿಯ ಹುಡುಗಿಯರಿಗೆ ಅವರು ಸಿಐಡಿ ಅಕ್ಕೋರು. ಮರಾಠಿಯಲ್ಲಿ ಬಯ್ದು ಕನ್ನಡದಲ್ಲಿ ಲೆಕ್ಕ ಕಲಿಸುತ್ತಿದ್ದರು. ತಾಯಂದಿರು ದೂರು ತಂದರೆ ಕನ್ನಡದಲ್ಲಿ ಬಯ್ದು ಮರಾಠಿಯಲ್ಲಿ ಸಮಾಧಾನ ಮಾಡುತ್ತಿದ್ದರು. ತರಗತಿಯ ಬಾಗಿಲಲ್ಲಿ ನಿಂತು “ಯಾರೂ ಅಲುಗಾಡಬ್ಯಾಡ್ರಿ” ಎಂದರೆ ಇಡೀ ತರಗತಿ “ಚಾ ಬರಾಕತ್ತೈತಿ” ಎನ್ನುತ್ತಿತ್ತು. ಆಮೇಲೆ ಪ್ರಮೇಯ.

ಇಷ್ಟು ಓದಿ, ಅವರಿಗೆ ಆ ಹುದ್ದೆಯ ಆಸೆಯೇ ಇರಲಿಲ್ಲ, ತ್ಯಾಗಮಯಿ ಎಂದುಕೊಳ್ಳುವವರು ಇರಬಹುದು. ಸಭೆಯಲ್ಲೂ ಒಬ್ಬರು ಹಾಗೇ ಅಂದರು. ಸುಳ್ಳು. ಒಮ್ಮೆ ಗಾಡಿಯಲ್ಲಿ ನಾನೂ ಅವರೂ ಎದುರುಬದುರು ಕುಳಿತಿದ್ದಾಗ, ಕಿಟಕಿಯ ಹೊರಗೆ ನೋಡುತ್ತ ಅವರೇ ಹೇಳಿದರು: “ಆ ಖುರ್ಚಿ ನನಗ ಬೇಕಾಗಿತ್ತು. ಬ್ಯಾಡಾಗಿತ್ತು ಅಂತ ನೀ ಯಾರ ಮುಂದನೂ ಹೇಳಬ್ಯಾಡ. ನನ್ನ ಅತ್ತೀಗೆ ನಾ ಹೆಡ್‌ಮಿಸ್ಟ್ರೆಸ್ ಆಗೂದು ನೋಡಿ ಸಾಯೂದಿತ್ತು. ನೋಡದ ಹೋದ್ರು.” ನನಗೆ ಅಳು ಬಂತು. ಅವರಿಗೆ ಬರಲಿಲ್ಲ. ಚೀಲದಿಂದ ಬಾಡಿಗೆಯ ಪುಸ್ತಕ ತೆಗೆದು ಕೆಂಪು ಪೆನ್ನಿನ ಟೋಪಿ ಬಿಚ್ಚಿದರು.

ಎಂಬತ್ತರ ದಶಕದ ಕೊನೆಗೆ, ಅವರ ನಿವೃತ್ತಿಗೆ ಇನ್ನೊಂದು ವರ್ಷ ಇರುವಾಗ, ಖಾನಾಪುರದ ಹಳೆಯ ವಿದ್ಯಾರ್ಥಿನಿಯರು ಸೇರಿ ಆ ಸಿನಿಮಾವನ್ನು ಮತ್ತೊಮ್ಮೆ ತರಿಸಿದರು. ಟಿಕೆಟ್ ಇಟ್ಟು ಮಧ್ಯಾಹ್ನದ ಆಟ. ಸಾಹೇಬರು ತಾವೇ ರೀಲಿನ ಡಬ್ಬಿ ಹೊತ್ತುಕೊಂಡು ಬಂದರು, ತಲೆ ಪೂರ್ತಿ ಬೆಳ್ಳಗಾಗಿತ್ತು. ರೀಲಿನ ತುಂಬ ಗೀರು, ನಡುನಡುವೆ ಮಾತು ಹಾರಿಹೋಗುತ್ತಿತ್ತು. ಹಾರಿಹೋದ ಮಾತನ್ನೆಲ್ಲ ಕುಳಿತ ಹೆಂಗಸರೇ ಹೇಳಿ ತುಂಬಿಸಿದರು. ಆಟ ಬಿಟ್ಟಾಗ ನೋಡುತ್ತೇನೆ, ಹಿಂದಿನ ಸಾಲಿನಿಂದ ಅಧ್ಯಕ್ಷರು ಏಳುತ್ತಿದ್ದಾರೆ, ಜೊತೆಗೆ ಅವರ ಹೆಂಡತಿ. ಕೈಯಲ್ಲಿ ಹರಿದ ಟಿಕೆಟ್ಟಿನ ಚೂರು. ನೇರ ಅಕ್ಕೋರ ಹತ್ತಿರ ಬಂದರು.

“ಅಕ್ಕೋರ, ಅದು ಊದುಗೊಳವಿರಿ,” ಎಂದರು.

“ಹೌದ್ರಿ.”

“ಅವತ್ತ ಒಂದ ಮಾತು ಹೇಳಬಾರದಿತ್ತೇನ್ರಿ?”

ಅಕ್ಕೋರು ಬಾಯಿ ತೆರೆಯುವ ಮೊದಲೇ ಹೆಂಡತಿ ತಿರುಗಿಬಿದ್ದರು. “ನಾ ಹೇಳಿದ್ನಲ್ಲ? ಪ್ಯಾಟ್ಯಾಗ ಫೋಟೋ ನೋಡಿ ಬಂದು ಅವತ್ತ ಹೇಳಿದ್ನಿ, ಅದು ಊದುಗೊಳವಿ ಐತಿ ಅಂತ. ನಿನಗೇನ್ ತಿಳೀತೈತಿ, ಸುಮ್ನ ಕುಂದ್ರು ಅಂದ್ರಿ.”

ಅಧ್ಯಕ್ಷರು ಕೈಯಲ್ಲಿದ್ದ ಟಿಕೆಟ್ಟಿನ ಚೂರನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಅವರ ಬಗ್ಗೆ ನನಗೆ ಕನಿಕರವಾಯಿತೇ ಎಂದು ಕೇಳಿದರೆ, ಇಲ್ಲ. ಆಮೇಲೆ ಹೇಳಿದರು: “ಆದದ್ದಾತ್ರಿ. ಬೆಳಗಾವಿ ಸಾಲಿ ಖುರ್ಚಿ ಮುಂದಿನ ತಿಂಗಳ ಖಾಲಿ ಆಗತೈತಿ. ಅದು ಊದುಗೊಳವಿ ಇತ್ತು, ಅಕ್ಕೋರದು ಏನೂ ತಪ್ಪಿದ್ದಿಲ್ಲ ಅಂತ ಮಂಡಳಿ ಸಭಾದಾಗ ಠರಾವು ಬರಸತೀನಿ. ಕಡೀ ಒಂದ ವರ್ಷರ ನೀವ ಕುಂದರ್ರಿ.”

ಅಕ್ಕೋರಿಗೆ ಆ ಕುರ್ಚಿ ಬೇಕಿತ್ತು ಎನ್ನುವುದು ಅಲ್ಲಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತು. ಹೂಂ ಅನ್ನಿ, ಅಕ್ಕೋರ, ಹೂಂ ಅನ್ನಿ ಎಂದು ಒಳಗೊಳಗೇ ಬೇಡಿಕೊಂಡೆ.

“ಠರಾವಿನಾಗ ಹಂಗ ಬರೀಬ್ಯಾಡ್ರಿ,” ಎಂದರು ಅವರು. “ಹಂಗ ಬರದ್ರ, ನಾಳೆ ಇನ್ನೊಬ್ಬಾಕಿ ಖರೇನ ಚಿಲುಮಿ ಹಿಡದು ಸಿನಿಮಾದಾಗ ಕುಂತಾಗ, ನನ್ನ ಊದುಗೊಳವಿ ತೋರಿಸಿ ಆಕೀನ್ನ ಹೊರಗ ಹಾಕತೀರಿ. ನನ್ನ ಕೈಯಾಗ ಏನಿತ್ತು ಅನ್ನೂದು ಪ್ರಶ್ನಿನ ಅಲ್ರಿ. ನಾ ಖರೇನ ಸೇದಿದ್ರೂ ತಪ್ಪಾತು ಅಂತಿದ್ದಿಲ್ಲ.”

“ಮತ್ತೇನ್ ಬರೀಲ್ರಿ?”

“ಅವತ್ತ ಅಕ್ಕೋರನ್ನ ಕರದು ಕೇಳಿದ್ದ ನಮ್ಮ ತಪ್ಪು ಅಂತ ಬರೀರಿ. ಅಷ್ಟ ಒಂದ ಸಾಲು. ಮರುದಿನಾನ ಬಂದು ಖುರ್ಚಿ ಮ್ಯಾಲ ಕುಂದರತೀನಿ.”

“ನೋಡೂಣ್ರಿ,” ಎಂದು ಅಧ್ಯಕ್ಷರು ಹೋದರು. ಆ ಸಾಲು ಬರೆಯಲಿಲ್ಲ. ಅಕ್ಕೋರು ಖಾನಾಪುರದಿಂದಲೇ ಸಹಶಿಕ್ಷಕಿಯಾಗಿ ನಿವೃತ್ತರಾದರು. ಬೀಳ್ಕೊಡುಗೆಯ ಶಾಲು ಹೊದಿಸಲು ಮಂಡಳಿಯವರು ಬಂದಾಗ, “ನನಗ ಕಂಬಳಿ ಐತಿ,” ಎಂದು ಕೈಮುಗಿದರು.

ಇವರಿಗೆ ಶಾಂತಮೂರ್ತಿ ಎಂದರೆ ನಾನು ಸುಮ್ಮನಿರಬೇಕೇ? ಸಭೆಯಲ್ಲಿ ಕೊನೆಗೆ ನನ್ನನ್ನು ಕರೆದರು. ಕಾರ್ಯದರ್ಶಿ ಕಿವಿಯಲ್ಲಿ, “ಎರಡ ಮಾತು ಸಾಕ್ರಿ. ಆ ಸಿನಿಮಾದ್ದು ತಗೀಬ್ಯಾಡ್ರಿ,” ಎಂದರು. ನಾನು ಅದನ್ನೇ ತೆಗೆದೆ. ಇಲ್ಲಿ ಬರೆದದ್ದನ್ನೆಲ್ಲ ಮೈಕಿನಲ್ಲಿ ಹೇಳಿದೆ, ಊದುಗೊಳವಿ, ಟಿಕೆಟ್ಟು, ಬರೆಯದೆ ಉಳಿದ ಆ ಒಂದು ಸಾಲು. ಕೊನೆಗೆ, “ಇವತ್ತ ಶೋಕದ ಠರಾವು ಬರೀತೀರಲ್ಲ, ಅದರಾಗ ಆ ಸಾಲು ಸೇರಸ್ರಿ. ಅವತ್ತ ಕೇಳಿದ್ದು ಸಂಸ್ಥೆ ತಪ್ಪು ಅಂತ,” ಎಂದೆ.

ಈಗಿನ ಅಧ್ಯಕ್ಷರು ವಯಸ್ಸಿನಲ್ಲಿ ಚಿಕ್ಕವರು, ಆ ಕಾಲದವರಲ್ಲ. ಕೈಗಡಿಯಾರ ನೋಡಿಕೊಂಡು ಎದ್ದು ನಿಂತರು. “ಈಗ ಮೌನಾಚರಣೆ. ಎಲ್ಲಾರೂ ದಯವಿಟ್ಟು ಎದ್ದು ನಿಲ್ಲಬೇಕು.”

ಮುಂದಿನ ಸಾಲಿನಲ್ಲಿ ಕುರ್ಚಿಗಳು ಸದ್ದು ಮಾಡಿದವು. ಆಗ ಹಿಂದಿನಿಂದ ಒಂದು ಹೆಣ್ಣುದನಿ ಬಂತು, ಗಟ್ಟಿಯಾಗಿ, ಅಕ್ಕೋರದೇ ಧಾಟಿಯಲ್ಲಿ.

“ಯಾರೂ ಅಲುಗಾಡಬ್ಯಾಡ್ರಿ.”

ಆಮೇಲೆ ಖಾನಾಪುರದ ಸಾಲುಗಳೆಲ್ಲ ಒಟ್ಟಿಗೆ, ಅಳುತ್ತಲೂ ನಗುತ್ತಲೂ ಹೇಳಿದವು.

“ಚಾ ಬರಾಕತ್ತೈತಿ.”

ಅರ್ಧ ಎದ್ದವರು ಕುಳಿತರು. ಇಡೀ ಭವನದಲ್ಲಿ ನಿಂತವರು ಇಬ್ಬರೇ, ಮೈಕಿನ ಮುಂದೆ ನಾನು, ವೇದಿಕೆಯ ಮೇಲೆ ಅಧ್ಯಕ್ಷರು. ಕಾರ್ಯದರ್ಶಿಯ ಮುಂದೆ ಠರಾವಿನ ಪುಸ್ತಕ ಬಿಚ್ಚಿಯೇ ಇತ್ತು. ನಾನು ಹೋಗಿ ಹೆಂಗಸರ ನಡುವೆ ಜಾಗ ಮಾಡಿಕೊಂಡು ಕುಳಿತೆ.

“ಬರೀರಿ,” ಎಂದೆ. “ನಾವು ಇಲ್ಲೇ ಕುಂತಿರತೀವಿ.”